ಹತ್ತೊಂಬತ್ತಕ್ಕೇ ಏರಬೇಕಾದ ಗುಳ್ಳೆ

ಬೆಳಗಿನ ಐದೂಮುಕ್ಕಾಲು. ಕಾರ್ಖಾನೆಯ ಮೂರನೇ ಕೊಠಡಿಯಲ್ಲಿ ಐವತ್ತೆರಡರ ಹೆಂಗಸೊಬ್ಬರು ಗೇಣುದ್ದದ ಗಾಜಿನ ಸೀಸೆಯನ್ನು ತಲೆಕೆಳಗು ಮಾಡಿ ಕಣ್ಣು ನೆಟ್ಟಿದ್ದಾರೆ. ಒಳಗಿನ ಹೊಂಬಣ್ಣದ ದ್ರವದಲ್ಲಿ ಗಾಳಿಗುಳ್ಳೆಯೊಂದು ಮಂಡಿನೋವಿನವರು ಮೆಟ್ಟಿಲು ಹತ್ತುವಂತೆ ಮೇಲೇರುತ್ತಿದೆ. "ಹದಿನೆಂಟು, ಹತ್ತೊಂಬತ್ತು. ಹ್ಞಾಂ, ಬಿಡಿ." ಆಮೇಲೆಯೇ ಪಂಪು ಶುರು.

ಇಡೀ ಕಾರ್ಖಾನೆಗೆ ಇವರು ಗುಳ್ಳಕ್ಕ. ರಿಯಾಕ್ಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಇಪ್ಪತ್ಮೂರು ವರ್ಷ. ಇಲ್ಲಿ ತಯಾರಾಗುವುದು ಬಣ್ಣದ ಡಬ್ಬಿಗೆ ಬೇಕಾದ ಎಣ್ಣೆ. ಮೊದಲಿದ್ದ ದ್ರಾವಕ ಅರ್ಧ ಆಕಾಶಕ್ಕೆ, ಅರ್ಧ ಕೆಲಸಗಾರರ ತಲೆಗೆ ಏರುತ್ತಿತ್ತು. ಎರಡು ವರ್ಷದಿಂದ ಅದರ ಜಾಗದಲ್ಲಿ ಅಯಾನಿಕ್ ದ್ರವವಿದೆ. ಜಾತಿಯಲ್ಲಿ ಉಪ್ಪೇ, ಆದರೆ ಹರಳುಗಟ್ಟದೆ ಜೇನಿನಂತೆ ಹರಿಯುತ್ತದೆ. ಆವಿಯಾಗುವುದಿಲ್ಲ, ನಾರುವುದಿಲ್ಲ. ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವೇಗವರ್ಧಕವನ್ನು ತನ್ನೊಳಗೇ ಇಟ್ಟುಕೊಂಡು, ತಯಾರಾದ ಎಣ್ಣೆಯನ್ನು ಮೇಲೆ ತೇಲಿಬಿಡುತ್ತದೆ. ಎಣ್ಣೆ ಬಸಿದುಕೊಂಡು ಅದೇ ದ್ರವವನ್ನು ಮತ್ತೆ ಬಳಸುತ್ತಾರೆ, ದಿನಕ್ಕೆ ನಾಲ್ಕು ಸಲ.

ನಾರದಿರುವುದೇ ಮನೆಯಲ್ಲಿ ರಗಳೆಯಾಯಿತು. ಹಿಂದೆ ಸೊಸೆ ಬೀದಿಯ ತಿರುವಿಗೆ ಬಂದರೆ ಸಾಕು, ಅತ್ತೆ ಒಳಗಿಂದಲೇ "ಮೊದ್ಲು ಸ್ನಾನ!" ಎಂದು ಕೂಗುತ್ತಿದ್ದರು. ವಾಸನೆ ನಿಂತು ವಾರವಾದಾಗ ಮಗನನ್ನು ಪಕ್ಕಕ್ಕೆ ಕರೆದರು: "ಇವಳು ಕೆಲಸಕ್ಕೆ ಹೋಗ್ತಿಲ್ಲ ಕಣೋ. ಎಲ್ಲೋ ಕೂತು ಬರ್ತಾಳೆ."

"ಮಾರನೇ ದಿನ ನಮ್ಮನೆಯವ್ರು ಗೇಟಿನ ತನಕ ಬಂದ್ರು," ಗುಳ್ಳಕ್ಕ ನಗುತ್ತಾರೆ. "ಮದುವೆಯಾದಾಗಿಂದ ಒಂದ್ಸಲಾನೂ ಬಿಡೋಕೆ ಬಂದೋರಲ್ಲ."

ಕಳೆದ ವರ್ಷ ಮಾತ್ರ ನಗುವ ಹಾಗಿರಲಿಲ್ಲ. ಎಣ್ಣೆಯ ಇಳುವರಿ ಕುಸಿಯುತ್ತಿತ್ತು. ಹೊಸ ದ್ರವವನ್ನು ಕೈಬಿಟ್ಟು ಹಳೆಯದಕ್ಕೇ ಮರಳೋಣವೇ ಎಂದು ತೀರ್ಮಾನಿಸಲು ಮುಖ್ಯ ಕಚೇರಿಯವರು ಬರುವವರಿದ್ದರು. ಗುಳ್ಳೆ ಎಣಿಸುವುದು ಆಗ ಇವರೊಬ್ಬರ ಹುಚ್ಚು. ಎಣಿಕೆ ಹದಿನೇಳಾಯಿತು, ಹದಿನಾಲ್ಕಾಯಿತು. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಚೇರಿಯವರು ಬಂದ ಬೆಳಗ್ಗೆ ಹನ್ನೊಂದು! ಗುಳ್ಳಕ್ಕ ಪಂಪಿನ ಗುಂಡಿಗೆ ಅಡ್ಡವಾಗಿ ನಿಂತುಬಿಟ್ಟರು.

"ಗುಳ್ಳೆ ಬೇಗ ಏರ್ತಿದೆ, ದ್ರವ ತೆಳ್ಳಗಾಗಿದೆ ಸರ್. ನೀರು ಕುಡಿದಿದೆ."

"ತೇವ ಅಳೆಯೋ ಮೀಟರ್ ಎಲ್ಲ ಸರಿ ಇದೆ ಅಂತ ತೋರಿಸ್ತಿದೆಯಲ್ಲ!" ಎಂದರು ಎಂಜಿನಿಯರ್.

"ಅದು ಮೂರು ವಾರದಿಂದ ಒಂದೇ ಅಂಕಿ ತೋರಿಸ್ತಿದೆ. ಸತ್ತಿದೆಯೋ ಏನೋ, ತಟ್ಟಿ ನೋಡಿ."

ಮ್ಯಾನೇಜರ್ ಕೆಂಪಾದರು. "ಕೆಲಸ ಹೋಗುತ್ತೆ ನೋಡಿ!"

"ಹೋಗ್ಲಿ ಸರ್. ನಮ್ಮತ್ತೆ ಪ್ರಕಾರ ಯಾವಾಗಲೋ ಹೋಗಿದೆ."

ಕಚೇರಿಯಿಂದ ಬಂದ ಹಿರಿಯರೊಬ್ಬರು ಕೆಮ್ಮಿನ ನೆಪದಲ್ಲಿ ನಗು ನುಂಗಿ, ಮಾದರಿಯನ್ನು ಹೊರಗಿನ ಲ್ಯಾಬಿಗೆ ಕಳಿಸಿದರು. ಮಧ್ಯಾಹ್ನಕ್ಕೆ ಉತ್ತರ ಬಂತು: ನೀರೇ. ಪೀಪಾಯಿಯ ಮುಚ್ಚಳದ ರಬ್ಬರ್ ಬಿರುಕು ಬಿಟ್ಟು, ದ್ರವ ಗಾಳಿಯ ತೇವವನ್ನು ಹೀರುತ್ತ ವೇಗವರ್ಧಕವನ್ನೇ ಮಂಕು ಮಾಡಿತ್ತು. ರಬ್ಬರ್ ಬದಲಾಯಿತು. ದ್ರವವನ್ನು ನಿರ್ವಾತದಲ್ಲಿ ಕಾಯಿಸಿ ಒಣಗಿಸಿ, ಹೊಸ ವೇಗವರ್ಧಕ ಹಾಕಿದ ಮೇಲೆ ಇಳುವರಿಯೂ ಚೇತರಿಸಿಕೊಂಡಿತು. ಹೊಸ ದ್ರವ ಉಳಿಯಿತು.

ಈಗ ಗುಳ್ಳೆ ಎಣಿಸುವುದು ಕಾರ್ಖಾನೆಯ ನಿಯಮಪುಸ್ತಕದ ನಾಲ್ಕನೇ ಹಂತ. ಅಲ್ಲಿ ಇವರ ಹೆಸರಿಲ್ಲ.

"ಹೆಸರು ಬೇಡ ಬಿಡಿ. ಆದ್ರೆ ಬರೀ 'ಎಣಿಸಿ' ಅಂತ ಬರ್ದಿದ್ದಾರೆ. ಅದರ ಮುಂದೆ 'ನಿಧಾನವಾಗಿ' ಅಂತ ಒಂದು ಮಾತು ಸೇರಿಸ್ಲಿ, ಸಾಕು. ನಮ್ಮ ಎಂಜಿನಿಯರ್ ಎಣಿಸೋಕೆ ಕೂತ್ರೆ, ಗುಳ್ಳೆ ಹೊರಡೋದ್ರೊಳಗೆ ನಲವತ್ತಾಗಿರುತ್ತೆ."