ಓಗೊಟ್ಟ ಕುಲುಮೆ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ಅಡ್ಡಪ್ರಶ್ನೆ ಹಾಕಿ ಅವರ ಉತ್ಸಾಹಕ್ಕೆ ತಣ್ಣೀರೆರಚುತ್ತಿದ್ದೆ. ದೆವ್ವವೇ ಎದುರು ಬಂದರೂ ಇವರು ಅದರ ಸರ್ಟಿಫಿಕೇಟ್ ಕೇಳುತ್ತಾರೆ ಎಂದು ನನ್ನ ಹೆಂಡತಿ ಹಂಗಿಸುತ್ತಿದ್ದಳು. ಈಗಲೂ ನಾನು ದೆವ್ವವನ್ನು ನಂಬುವುದಿಲ್ಲ. ಆದರೆ ಅಡ್ಡಪ್ರಶ್ನೆ ಹಾಕುವುದನ್ನು ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ಮಾತು. ನಾನು ಹೊಸಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು, ರಾಜಾಜಿನಗರದ ಕಾರ್ಖಾನೆಗಳ ಸಾಲಿನಲ್ಲಿದ್ದ ಕಬ್ಬಿಣದ ಎರಕ ಹೊಯ್ಯುವ ಒಂದು ಹಳೆಯ ಫೌಂಡ್ರಿಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದೆ. ಸೂಪರ್‌ವೈಸರ್ ಕೆಲಸ. ಕಲ್ಲಿನ ಗೋಡೆ, ಹೆಂಚಿನ ಸೂರು, ಮಸಿ ಹಿಡಿದ ತೊಲೆಗಳು. ನಡುವೆ ಸೂರನ್ನು ಸೀಳಿಕೊಂಡು ಮೇಲೆದ್ದ ಕುಲುಮೆ. ಕುಲುಮೆ ಎಂದರೆ ಒಳಗೆಲ್ಲ ಇಟ್ಟಿಗೆ ಕಟ್ಟಿದ ದೊಡ್ಡ ಕಬ್ಬಿಣದ ಕೊಳವೆ. ಬುಡದಲ್ಲಿ ಒಬ್ಬ ಮನುಷ್ಯ ಕಷ್ಟಪಟ್ಟು ನುಸುಳುವಷ್ಟು ಬಾಗಿಲು. ಮೇಲೆ ಅಟ್ಟದ ಮಟ್ಟದಲ್ಲಿ ಇನ್ನೊಂದು ಬಾಯಿ. ಸೌದೆ, ಕೋಕ್ ಎನ್ನುವ ಇದ್ದಲು, ಕಬ್ಬಿಣದ ಚೂರು ಎಲ್ಲವನ್ನೂ ಅಲ್ಲಿಂದಲೇ ಒಳಕ್ಕೆ ಎಸೆಯಬೇಕು.

ಎರಕದ ದಿನ ಬೆಳಿಗ್ಗೆ ಮೇಸ್ತ್ರಿ ಒಳಗೆ ನುಸುಳಿ ಸವೆದ ಇಟ್ಟಿಗೆಗೆ ಮಣ್ಣು ಮೆತ್ತಿ ಬರುತ್ತಿದ್ದ. ಆಮೇಲೆ ಅಟ್ಟದ ಮೇಲೆ ಕೆಲಸ ಮಾಡುವ ಮುನಿಯಪ್ಪ, ಮೊದಲ ಕೊರಡು ಎಸೆಯುವ ಮುಂಚೆ ಕುಲುಮೆಯೊಳಕ್ಕೆ ಬಗ್ಗಿ "ಒಳಗೆ ಯಾರಾದ್ರೂ ಇದೀರಾ?" ಎಂದು ಕೂಗುತ್ತಿದ್ದ. ಮೇಸ್ತ್ರಿ ಕಣ್ಣೆದುರೇ ಬೀಡಿ ಸೇದುತ್ತ ಕೂತಿದ್ದರೂ ಕೂಗಲೇಬೇಕು, ಅದು ಅಲ್ಲಿಯ ಪದ್ಧತಿ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಉತ್ತರ ಬಂದಿದೆಯೇ ಎಂದು ನಾನು ಛೇಡಿಸಿದರೆ ಮುನಿಯಪ್ಪ ಮುಖ ಗಂಟಿಕ್ಕುತ್ತಿದ್ದ.

ಒಂದು ಬೆಳಿಗ್ಗೆ ಕೋಕ್ ನೋಡಲು ನಾನೂ ಅಟ್ಟ ಹತ್ತಿದ್ದೆ. ಮುನಿಯಪ್ಪ ಎಂದಿನಂತೆ ಕೂಗಿದ. ಒಳಗಿನಿಂದ ಉತ್ತರ ಬಂತು.

"ಇದೀನಿ." ಒಂದು ಕೆಮ್ಮು. "ತಡೀರಿ, ತಡೀರಿ."

ಮುನಿಯಪ್ಪ ಕೊರಡನ್ನು ಕೆಳಗಿಟ್ಟ. ಕುಲುಮೆಯನ್ನು ನೋಡಲಿಲ್ಲ, ನನ್ನನ್ನು ನೋಡಿದ. ಯಾಕೆಂದು ಆಗ ತಿಳಿಯಲಿಲ್ಲ. ಇಬ್ಬರೂ ಕೆಳಗೆ ಓಡಿದೆವು. ಬುಡದ ಬಾಗಿಲಿನಿಂದ ಟಾರ್ಚ್ ಬಿಟ್ಟರೆ ಒಳಗೆ ನರಪಿಳ್ಳೆಯೂ ಇಲ್ಲ. ಮೇಸ್ತ್ರಿ ಅಲ್ಲೇ ಇದ್ದ, ಉಳಿದವರೂ ಇದ್ದರು. ಯಜಮಾನರಾದ ರುದ್ರಪ್ಪನವರು ಬಂದು ಎಲ್ಲರನ್ನೂ ಗದರಿದರು. ಅಚ್ಚುಗಳೆಲ್ಲ ಸಿದ್ಧವಾಗಿದ್ದವು, ಅವತ್ತೇ ಎರಕ ಹೊಯ್ಯಬೇಕಿತ್ತು. ಪಕ್ಕದ ಕಾಂಪೌಂಡಿನಲ್ಲಿ ಯಾರೋ ಆಡಿದ ಮಾತು ಚಿಮಣಿಯಿಂದ ಇಳಿದು ಬಂದಿರಬೇಕು ಎಂದು ನಾನು ವಿವರಣೆ ಕೊಟ್ಟೆ. ಅವರು ಒಪ್ಪಿದರು, ಎಲ್ಲರೂ ಚದುರಿದರು.

ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಆದರೆ ನನ್ನ ವಿವರಣೆ ನಿಜವೆಂದು ನನಗೇ ಖಾತ್ರಿಯಾಗಬೇಕಿತ್ತು. ಒಳಗೆ ನಿಂತರೆ ಪಕ್ಕದವರ ಮಾತು ಕೇಳುತ್ತದೆಯೇ ಎಂದು ನೋಡೋಣ, ಒಂದು ನಿಮಿಷದ ಕೆಲಸ ಎಂದುಕೊಂಡು ಯಾರಿಗೂ ಹೇಳದೆ ಬುಡದ ಬಾಗಿಲಿನಿಂದ ನುಸುಳಿದೆ.

ಒಳಗೆ ಹಸಿಮಣ್ಣಿನ ವಾಸನೆ. ತಲೆಯ ಮೇಲೆ ತಟ್ಟೆಯಷ್ಟು ಆಕಾಶ. ಉಸಿರು ಬಿಗಿಹಿಡಿದು ಕಿವಿಗೊಟ್ಟೆ. ಪಕ್ಕದ ಕಾಂಪೌಂಡಿನಿಂದ ಒಂದು ಮಾತೂ ಕೇಳಿಸಲಿಲ್ಲ. ಕೇಳಿಸಿದ್ದು ರುದ್ರಪ್ಪನವರ ದನಿ, "ಸುರು ಮಾಡಯ್ಯ" ಎಂದು. ಮರುಕ್ಷಣ ಮೇಲಿನ ಬೆಳಕಿಗೆ ಏನೋ ಅಡ್ಡ ಬಂತು. ಮುನಿಯಪ್ಪನ ತಲೆ. ಅವನ ಕೈಯಲ್ಲಿದ್ದ ಕೊರಡು ನನ್ನ ನೆತ್ತಿಯ ನೇರಕ್ಕಿತ್ತು.

"ಒಳಗೆ ಯಾರಾದ್ರೂ ಇದೀರಾ?"

"ಇದೀನಿ" ಎಂದೆ. ಗಂಟಲಿಗೆ ಧೂಳು ಹೊಕ್ಕು ಕೆಮ್ಮು ಬಂತು. "ತಡೀರಿ, ತಡೀರಿ."

ಮಾತು ಬಾಯಿಂದ ಬಿದ್ದ ಕೂಡಲೇ ಗುರುತು ಹತ್ತಿತು. ಅದೇ ಮಾತು, ಅದೇ ಜಾಗದಲ್ಲಿ ಕೆಮ್ಮು. ಸ್ವಲ್ಪ ಹೊತ್ತಿನ ಮುಂಚೆ ಮೇಲೆ ನಿಂತು ನಾನು ಕೇಳಿದ್ದು ಇದನ್ನೇ.

ಹೇಗೆ ಹೊರಗೆ ಬಂದೆನೋ ನೆನಪಿಲ್ಲ. ನೆಲದ ಮೇಲೆ ಕೂತಿದ್ದೆ. ಮುನಿಯಪ್ಪ ಅಟ್ಟ ಇಳಿದು ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತ.

"ಮೊದಲ್ನೇ ಸಲಾನೂ ನಿಮ್ದೇ ದನಿ, ಸಾರ್."

ಆಗ ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆನಲ್ಲ ಎಂದೆ.

"ಅದಕ್ಕೇ ಆಗ ನಾನು ಬಾಯಿ ಬಿಡ್ಲಿಲ್ಲ."

ಅವತ್ತು ಎರಕ ಹೊಯ್ದರು. ನಾನು ಜ್ವರ ಬಂದು ವಾರ ಮಲಗಿದೆ. ದೇವರೇ ನಿಮ್ಮನ್ನು ಉಳಿಸಲು ಆ ದನಿ ಕೊಟ್ಟ ಎಂದು ಮುನಿಯಪ್ಪ ಕೊನೆಯವರೆಗೂ ಹೇಳುತ್ತಿದ್ದ. ಹಾಗೆಂದುಕೊಳ್ಳಲು ನನಗೂ ಆಸೆ. ಆದರೆ ಆ ದನಿ ಬಾರದೆ ಇದ್ದಿದ್ದರೆ ನಾನು ಕುಲುಮೆಯೊಳಗೆ ಕಾಲಿಡುತ್ತಲೇ ಇರಲಿಲ್ಲ. ಅದು ನನ್ನನ್ನು ಕಾಯಲು ಬಂತೋ, ಒಳಗೆ ಕರೆಯಲು ಬಂತೋ?

ಫೌಂಡ್ರಿ ಮುಚ್ಚಿ ಬಹಳ ಕಾಲವಾಯಿತು. ಕಟ್ಟಡ ಮಾತ್ರ ಹಾಗೇ ಇದೆ, ಈಗ ಪ್ಲೈವುಡ್ ಗೋಡೌನು. ಮೊನ್ನೆ ಆ ಕಡೆ ಹೋದಾಗ ಕಾವಲುಗಾರನನ್ನು ಕೇಳಿಕೊಂಡು ಒಳಗೆ ಹೋದೆ. ಕುಲುಮೆ ತುಕ್ಕು ಹಿಡಿದು ನಿಂತಿದೆ, ಒಳಗೆ ಪಾರಿವಾಳಗಳು ಗೂಡು ಕಟ್ಟಿವೆ. ಬುಡದ ಬಾಗಿಲ ಬಳಿ ಬಗ್ಗಿದೆ. ಮುನಿಯಪ್ಪ ಕೇಳುತ್ತಿದ್ದ ಪ್ರಶ್ನೆ ನಾಲಗೆಯ ತುದಿಗೆ ಬಂತು.

ಕೇಳಲಿಲ್ಲ. ಉತ್ತರ ಬಂದುಬಿಟ್ಟರೆ, ಅದು ಅವತ್ತಿನದೋ, ಇನ್ನು ಮುಂದೆ ಬರಲಿರುವ ಯಾವ ದಿನದ್ದೋ ಎಂದು ನನಗೆ ಹೇಗೆ ತಿಳಿಯಬೇಕು?