ಎರಡು ಗಂಟೆಗೊಮ್ಮೆ ಮಗ್ಗುಲು

ಬೆಳಗಿನ ಆರು ಗಂಟೆ. ಕಿಟಕಿಗಳಲ್ಲಿ ಇನ್ನೂ ಮಬ್ಬು. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ನರರೋಗ ವಾರ್ಡಿನಲ್ಲಿ, ಐವತ್ತೆಂಟು ವರ್ಷದ ಆಯಾ ಒಬ್ಬರು ಒಂದನೇ ಹಾಸಿಗೆಯ ಪಕ್ಕ ನಿಂತು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ. ತಣ್ಣನೆಯ ಕೈ ತಗಲಿದರೆ ಮಲಗಿದವರ ಮೈ ಬಿಗಿಯುತ್ತದೆ. ಒಂದು ಕೈ ಭುಜದ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. "ಎಡಕ್ಕೆ ಹೊರಳೋಣ ಅಣ್ಣ" ಎಂದು, ಮಾತು ನಿಂತುಹೋದವರಿಗೂ ಹೇಳಿಯೇ ಹೊರಳಿಸುತ್ತಾರೆ. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಹಿಮ್ಮಡಿ ಎತ್ತಿ ನೋಡಿ ಮುಂದಿನ ಹಾಸಿಗೆಗೆ.

ಹಾಜರಿ ಪುಸ್ತಕದ ಹೆಸರು ಏನೇ ಇರಲಿ, ವಾರ್ಡಿಗೆಲ್ಲ ಅವರು ಮಗ್ಗುಲಕ್ಕ. ಇಪ್ಪತ್ತೆಂಟು ಹಾಸಿಗೆಗಳಲ್ಲಿ ತಾವಾಗಿ ಹೊರಳಲಾರದವರು ಈಗ ಹದಿನಾರು ಮಂದಿ. ಮಧ್ಯಾಹ್ನ ಎರಡರೊಳಗೆ ನಾಲ್ಕು ಸುತ್ತು. ಹತ್ತೊಂಬತ್ತು ವರ್ಷದ ಈ ದುಡಿಮೆಯಲ್ಲಿ ಅವರ ಸೊಂಟವೂ ಸವೆದಿದೆ. ಪಟ್ಟಿ ಬಿಗಿದುಕೊಂಡೇ ಬರುತ್ತಾರೆ.

ಈ ಕೆಲಸವನ್ನು ಅವರಿಗೆ ಕಲಿಸಿದ್ದು ಸಾವು. ಗಾರೆ ಕೆಲಸದ ಗಂಡ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡು ಹನ್ನೊಂದು ತಿಂಗಳು ಮನೆಯಲ್ಲಿ ಮಲಗಿದ್ದರು. ಹೊತ್ತುಹೊತ್ತಿಗೆ ಇವರು ತುತ್ತು ಕೊಟ್ಟರು, ಮೈ ಒರೆಸಿದರು. ಮಗ್ಗುಲು ತಿರುಗಿಸಬೇಕೆಂದು ಯಾರೂ ಹೇಳಲಿಲ್ಲ. ಬೆನ್ನ ಕೆಳಗೆ ಎದ್ದ ಹುಣ್ಣು ಎಲುಬು ಮುಟ್ಟಿತು, ನಂಜು ರಕ್ತಕ್ಕೇರಿತು. "ಬಿದ್ದಿದ್ರಿಂದ ಅವ್ರು ಹೋಗ್ಲಿಲ್ಲ. ಮಲಗಿದ್ದಲ್ಲೇ ಮಲಗಿಸಿದ್ದೆನಲ್ಲ, ಅದ್ರಿಂದ ಹೋದ್ರು" ಎನ್ನುವಾಗ ಮಗ್ಗುಲಕ್ಕನ ದನಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಹೊಸದಾಗಿ ವಾರ್ಡಿಗೆ ಬರುವ ಎಳೆಯ ಡಾಕ್ಟರುಗಳು ಮೊದಲ ವಾರ ಅವರ ಜೊತೆ ಸುತ್ತು ಹಾಕಲೇಬೇಕು. ರೋಗಿಯನ್ನು ಮೂಟೆಯಂತೆ ಎಳೆದವನೊಬ್ಬನಿಗೆ ಅವರು ಹೇಳಿದ್ದು ಇಂದಿಗೂ ವಾರ್ಡಿನ ನಗೆಮಾತು: "ನಿಮ್ಮತ್ತೆ ಮಲಗಿದಾರೆ ಅಂದ್ಕೊಳ್ಳಿ ಡಾಕ್ಟ್ರೇ. ಬೇಡ ಬೇಡ, ನಿಮ್ಮಮ್ಮ ಅಂದ್ಕೊಳ್ಳಿ."

ಹೋದ ವರ್ಷ ವಿಭಾಗದ ಮುಖ್ಯಸ್ಥೆ ಒಂದು ಅಧ್ಯಯನ ಶುರುಮಾಡಿದರು. ಹೊಸ ಗಾಳಿಹಾಸಿಗೆಯ ಮೇಲೆ ನಾಲ್ಕು ಗಂಟೆಗೊಮ್ಮೆ ಹೊರಳಿಸಿದರೆ ಸಾಲದೇ ಎಂಬುದು ಪ್ರಶ್ನೆ. ಮನೆಯವರ ಒಪ್ಪಿಗೆ ಪಡೆದು ಅರ್ಧದಷ್ಟು ರೋಗಿಗಳಿಗೆ ನಾಲ್ಕು ಗಂಟೆ, ಉಳಿದವರಿಗೆ ಎರಡು ಎಂದು ಗೊತ್ತುಮಾಡಿದರು. ಹೊತ್ತಲ್ಲದ ಹೊತ್ತಿನಲ್ಲಿ ಯಾರನ್ನೂ ಹೊರಳಿಸಕೂಡದೆಂದು ಮಗ್ಗುಲಕ್ಕನಿಗೆ ಕಟ್ಟಪ್ಪಣೆಯಾಯಿತು.

ಒಂಬತ್ತನೇ ದಿನ ಮಧ್ಯಾಹ್ನ, ಹನ್ನೊಂದನೇ ಹಾಸಿಗೆಯ ಮುದುಕರ ಒದ್ದೆ ಬಟ್ಟೆ ಬದಲಿಸುವಾಗ ಸೊಂಟದ ಎಲುಬಿನ ಮೇಲೆ ರೂಪಾಯಿ ಅಗಲದ ಕೆಂಪು ಕಂಡಿತು. ಹಿಂದೆ ಬಸ್ ಓಡಿಸುತ್ತಿದ್ದವರು ಅವರು. ಹೆಬ್ಬೆರಳಿಂದ ಒತ್ತಿದರೆ ಕೆಂಪು ಬಿಳಿಚಬೇಕು, ಬಿಳಿಚಲಿಲ್ಲ. ಒಳಗೆ ಹುಣ್ಣು ಹುಟ್ಟುತ್ತಿದೆ ಎಂದೇ ಅರ್ಥ. ನಾಲ್ಕು ಗಂಟೆಯ ಗುಂಪಿನವರಾದ ಅವರನ್ನು ಹೊರಳಿಸುವ ಸರದಿ ಬರಲು ಇನ್ನೂ ಎರಡು ಗಂಟೆ ಇತ್ತು. ಮಗ್ಗುಲಕ್ಕ ಹೊರಳಿಸಿಯೇಬಿಟ್ಟರು. ಯಾರೂ ನೋಡಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೂ ಸೀದಾ ಮುಖ್ಯಸ್ಥೆಯ ಕೋಣೆಗೆ ಹೋಗಿ ಬಾಗಿಲಲ್ಲಿ ನಿಂತರು.

"ನಿಮ್ಮ ಲೆಕ್ಕ ಕೆಡಿಸಿದೀನಿ ಮೇಡಂ. ಹನ್ನೊಂದನೇ ಬೆಡ್ ತಿರುಗಿಸ್ಬಿಟ್ಟೆ. ಕೆಲಸದಿಂದ ತೆಗೀತೀರೋ ಏನೋ, ನೋಡಿ. ಆ ಕೆಂಪು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನಂಗೊತ್ತು."

ಮುಖ್ಯಸ್ಥೆ ಎದ್ದುಬಂದು ಆ ಕೆಂಪನ್ನು ತಮ್ಮ ಹೆಬ್ಬೆರಳಿಂದಲೂ ಒತ್ತಿ ನೋಡಿದರು. ಕೇಳದೆ ಮಾಡಿದ್ದು ತಪ್ಪೆಂದರು, ಮಗ್ಗುಲಕ್ಕ ಒಪ್ಪಿಕೊಂಡರು. ಅಂಥ ಕೆಂಪನ್ನು ಕಂಡರೆ ಏನು ಮಾಡಬೇಕೆಂದು ನಿಯಮದಲ್ಲಿ ಬರೆಯದಿದ್ದುದು ತಮ್ಮ ತಪ್ಪೆಂದೂ ಮುಖ್ಯಸ್ಥೆ ಹೇಳಿದರು. ಹನ್ನೊಂದನೇ ಹಾಸಿಗೆಯನ್ನು ಅಧ್ಯಯನದಿಂದ ಕೈಬಿಟ್ಟರು. ಕೆಂಪು ಕಂಡ ಕೂಡಲೇ ಗಡಿಯಾರ ನೋಡದೆ ಹೊರಳಿಸಿ, ತಮಗೆ ತಿಳಿಸಬೇಕೆಂಬ ನಿಯಮ ಅಂದೇ ಸಂಜೆ ಗೋಡೆಗೆ ಬಂತು.

ಅಧ್ಯಯನ ಈಗ ಮುಗಿದಿದೆ. ಹೆಚ್ಚಿನವರಿಗೆ ನಾಲ್ಕು ಗಂಟೆ ಸಾಕು, ಚರ್ಮ ತೆಳುವಾದವರಿಗೆ ಮಾತ್ರ ಎರಡೇ ಬೇಕು ಎಂದು ಗೊತ್ತಾಗಿದೆ. ಇಷ್ಟು ವರ್ಷದ ತಮ್ಮ ಪಟ್ಟು ಅರ್ಧ ಸಡಿಲಿತಲ್ಲ ಎಂದು ಮಗ್ಗುಲಕ್ಕನಿಗೆ ಬೇಸರವಿಲ್ಲ. "ಪಾಪ, ಅಷ್ಟು ಜನರ ನಿದ್ದೆ ಸುಮ್ಸುಮ್ನೆ ಕೆಡಿಸ್ತಿದ್ದೆ" ಎನ್ನುತ್ತಾರೆ.

ನಿವೃತ್ತಿಗೆ ಎರಡು ವರ್ಷವಿದೆ. ಏನಾದರೂ ಆಸೆ ಉಳಿದಿದೆಯೇ ಎಂದರೆ, ದಿಂಬಿಗೆ ಕವಚ ಹಾಕುತ್ತಲೇ ಉತ್ತರಿಸುತ್ತಾರೆ:

"ಆ ಕೆಂಪು ಕಂಡ ಐದನೇ ವಾರ ದಿಂಬು ಹಿಡ್ಕೊಂಡು ಹೋದ್ರೆ, ಹನ್ನೊಂದನೇ ಬೆಡ್ಡಿನ ಬಸ್ಸಿನ ಯಜಮಾನ್ರು ಆಗ್ಲೇ ತಾವೇ ಗೋಡೆ ಕಡೆ ಹೊರಳಿದ್ರು. ಸುಮ್ನೆ ನೋಡ್ತಾ ನಿಂತ್ಕೊಂಡೆ. ನಾನು ಹೋಗೋದ್ರೊಳಗೆ ಇನ್ನೊಂದು ನಾಲ್ಕು ಜನ ಹಾಗೆ ನನ್ನ ಕೆಲಸ ತಪ್ಪಿಸಿದ್ರೆ ಸಾಕು."