ಪಟದ ಹಿಂದಿನ ಕಡಲು

ತಾತನ ಬಲಗೈ ಹೆಬ್ಬೆರಳಿನ ಉಗುರನ್ನು ಎಂದೋ ಗಾಜು ಸೀಳಿತ್ತು; ಅದು ಎರಡಾಗಿಯೇ ಬೆಳೆಯುತ್ತಿತ್ತು. ಈ ಬೆಳಿಗ್ಗೆ ಇಡ್ಲಿ ಇಳಿಸಿ, ಯಜಮಾನರ ಡಬ್ಬಿ ಕಟ್ಟಿ, ಮಲ್ಲಿಗೆ ಕಟ್ಟುತ್ತ ಕೂತಾಗ ಆ ಉಗುರೇ ಕಣ್ಣ ಮುಂದೆ. ಕಂಬಂ ಬಸ್ ನಿಲ್ದಾಣದ ಹತ್ತಿರ ಪಟಗಳಿಗೆ ಕಟ್ಟು ಹಾಕುತ್ತಿದ್ದ ಅಂಗಡಿ ತಾತ ತೀರಿಕೊಂಡು ಇವತ್ತಿಗೆ ಹದಿನಾರನೇ ದಿನ, ಕರ್ಮದ ದಿನ. ಬರೆಯುವಾಗಲೂ ಸಿಟ್ಟು ಇಳಿದಿಲ್ಲ.

ಚಿಕ್ಕವಳಿದ್ದಾಗ ಸಂಜೆ ಕಾನ್ವೆಂಟ್ ಬಿಟ್ಟ ಮೇಲೆ ಕೊಂಬೈ ಬಸ್ಸಿಗೆ ಅವರ ಅಂಗಡಿಯಲ್ಲೇ ಕಾಯುತ್ತಿದ್ದೆ. ದೇವರ ಪಟಗಳ ನಡುವೆ ಒಂದು ಹಳೆಯ ಅಚ್ಚಿನ ಚಿತ್ರ: ಯಾವುದೋ ದ್ವೀಪದ ಕಡಿದಾದ ಬಂಡೆ, ಬುಡದಲ್ಲಿ ನೊರೆ, ಅಕ್ಕಿಕಾಳಿನಷ್ಟು ದೋಣಿ, ಸುತ್ತ ಹಕ್ಕಿಗಳು. ಗೂಡಲೂರಿನ ಮೇಲೊಂದು ಎಸ್ಟೇಟ್ ಬಂಗಲೆ ಖಾಲಿ ಮಾಡಿದಾಗ ತಂದದ್ದು. ಕಡಲನ್ನೇ ಕಾಣದ ಮನುಷ್ಯ!

"ಕಣ್ಣು, ಹಕ್ಕಿ ಎಷ್ಟದೆ ಹೇಳು?" ಅವರು ನನ್ನನ್ನು ಕರೆಯುತ್ತಿದ್ದುದೇ ಕಣ್ಣು ಅಂತ.

ಏಳು ಅಂದರೆ, "ಇನ್ನೊಂದದೆ, ನಿಧಾನವಾಗಿ ನೋಡು" ಎನ್ನುವರು. ಎಂಟನೆಯದು ಬಂಡೆಯ ನೆರಳಲ್ಲಿತ್ತು. ಮಕ್ಕಳ ಮುಖ ನೋಡಿಯೇ ಜ್ವರ ಗುರುತಿಸುತ್ತೇನೆ ನಾನು. ನೋಡಲು ಕಲಿಸಿದವರು ಅವರು.

ಬೇರೆಯವರು ರಟ್ಟಿನ ಬದಲು ಹಳೆಯ ಕ್ಯಾಲೆಂಡರಿನ ದೇವರ ಚಿತ್ರವನ್ನೇ ಪಟದ ಹಿಂದೆ ಒತ್ತಿ ಆಣಿ ಹೊಡೆಯುತ್ತಾರೆ. ಇವರು ರಟ್ಟು ಮುಗಿದರೆ ಅಂಗಡಿ ಮುಚ್ಚಿ, ಹೊಸದು ತರಲು ಸೈಕಲ್ ಹತ್ತುವರು. "ಹಿಂದೆ ಇರೋನಿಗೆ ಉಸಿರು ಕಟ್ಟೋದಿಲ್ವಾ?"

ಕಳೆದ ತಿಂಗಳು, "ಆ ಕಡಲನ್ನ ನೀನೇ ಎತ್ಕೊಂಡು ಹೋಗು ಕಣ್ಣು" ಎಂದರು. "ಗೋಡೆಗೆ ಬಣ್ಣ ಆಗಲಿ ತಾತಾ" ಅಂದುಬಿಟ್ಟೆ.

ಇವತ್ತು ಅವರದೇ ಪಟಕ್ಕೆ ಹೂ ಹಾಕಲು ಅವರ ಮನೆಗೆ ಹೋದೆ. ಓರೆಯಾಗಿತ್ತು. ಸರಿಮಾಡಲು ಎತ್ತಿದರೆ, ಹಿಂಬದಿಯಲ್ಲಿ ಆ ಕಡಲಿನ ನೊರೆ! ಬಂಡೆಯ ತಲೆ ಕತ್ತರಿಸಿದ್ದರು. ದೋಣಿಯ ಮೇಲೆ ಆಣಿ.

"ಏನಿದು?" ಆ ದನಿ ನನಗೇ ಹೊಸದು.

"ರಟ್ಟು ಸಿಗಲಿಲ್ಲಕ್ಕಾ, ಅವಸರ" ಎಂದ ಅವರ ಮಗ, ಎಲೆ ಹಾಕುತ್ತಲೇ.

"ನಿಮ್ಮಪ್ಪ ಯಾರ ಪಟಕ್ಕೂ ಮಾಡದ ಕೆಲಸವನ್ನ ಅವರ ಪಟಕ್ಕೇ ಮಾಡಿದೆಯಲ್ಲೋ! ಬಿಚ್ಚಿ ಕೊಡು."

"ಎಡೆ ಇಟ್ಟ ಪಟ. ವರ್ಷ ತುಂಬೋ ತನಕ ಬಿಚ್ಚಬಾರದಕ್ಕಾ. ಕೂತ್ಕೊ, ಉಂಡು ಹೋಗು."

ಉಣ್ಣದೆ ಬಂದೆ. ಆ ಮಹರಾಯನ ಮೇಲಿನ ಸಿಟ್ಟು ಷೇರ್ ಆಟೊ ಇಳಿಯುವಷ್ಟರಲ್ಲಿ ನನ್ನ ಮೇಲೇ ತಿರುಗಿತ್ತು. ಒಂದು ಬಣ್ಣಕ್ಕೋಸ್ಕರ!

ಸಂಜೆ ಪಕ್ಕದ ಮನೆಯಾಕೆ ಹೆಪ್ಪಿಗೆ ಮೊಸರು ಕೇಳಲು ಬಂದವಳು ಗೋಡೆ ನೋಡಿದಳು. "ಬಣ್ಣ ಚೆನ್ನಾಗದೆ ಅಕ್ಕಾ. ನಡುವೆ ಆಣಿ ಯಾಕೆ ಸುಮ್ನೆ ಬಿಟ್ಟಿದ್ದೀ? ಒಂದು ಗಡಿಯಾರ ತಗುಲಿಸು."